ಎಚ್61 ಬೋರ್ಡಿಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಸರಿಹೊಂದುವುದೇ?

ನಮಸ್ಕಾರ. ಎಚ್61 ಮದರ್‌ಬೋರ್ಡ್ ಮತ್ತು ಐ5-2400 ಪ್ರೊಸೆಸರ್ ಇರುವ ನಿಮ್ಮ ಸಿಂಧನೂರಿನ ಕಂಪ್ಯೂಟರಿಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ಹೊಂದುತ್ತದೆಯೇ ಎಂದು ಕೇಳಿದ್ದೀರಿ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಅಳತೆ ಹಳೆಯ ಬೋರ್ಡಿನಲ್ಲೂ ಹೊಸದರಲ್ಲೂ ಒಂದೇ ಆಗಿರುವುದರಿಂದ ಕಾರ್ಡ್ ಕೂರುತ್ತದೆ, ತೊಡಕಿರುವುದು ವೇಗದಲ್ಲಿ. ನೋಡಲು ಉದ್ದವಾಗಿದ್ದರೂ ಈ ಕಾರ್ಡ್ ಬಳಸುವುದು ದತ್ತಾಂಶ ಸಾಗುವ ನಾಲ್ಕೇ ಲೇನ್‌ಗಳನ್ನು. ಪಿಸಿಐ ಎಕ್ಸ್‌ಪ್ರೆಸ್ 4.0 ಆವೃತ್ತಿಯ ಬೋರ್ಡಿನಲ್ಲಿ ಅವು ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸಿದರೆ, ನಿಮ್ಮ ಪ್ರೊಸೆಸರಿನ 2.0 ದಾರಿಯಲ್ಲಿ ಅದು 2 ಜಿಬಿಗೆ ಇಳಿಯುತ್ತದೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದೊಡನೆ ಉಳಿದ ದತ್ತಾಂಶ ಈ ದಾರಿಯಲ್ಲೇ ಬರಬೇಕಾಗಿ ಆಟ ತಡವರಿಸತೊಡಗುವುದು ಇದರಿಂದಲೇ. ನನ್ನ ಮಟ್ಟಿಗೆ, ಹದಿನಾರೂ ಲೇನ್ ಬಳಸುವ ಜಿಟಿಎಕ್ಸ್ 1650 ನಿಮಗೆ ವಾಸಿ. ಅದರಲ್ಲೂ ಸ್ಲಾಟ್ ಕೊಡುವ 75 ವ್ಯಾಟಿನಲ್ಲೇ ನಡೆಯುವ, 6 ಪಿನ್ ಕೇಬಲ್ ಬೇಡದ ಮಾದರಿಯನ್ನು ಆರಿಸಿಕೊಳ್ಳಿ.

ಕೊಳ್ಳುವ ಮೊದಲು ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶವಾದ ಬಯಾಸ್ ಅನ್ನು ಕೊನೆಯ ಆವೃತ್ತಿಗೆ ಏರಿಸಿ. ಹಳೆಯ ಬಯಾಸ್ ಹೊಸ ಕಾರ್ಡನ್ನು ಗುರುತಿಸದೆ ಪರದೆ ಕಪ್ಪಾಗಿಯೇ ಉಳಿಯುವುದುಂಟು. ಸ್ಲಾಟಿನಿಂದ ಹಾರ್ಡ್ ಡಿಸ್ಕ್ ಗೂಡಿನವರೆಗಿನ ಉದ್ದವನ್ನು ಟೇಪಿನಿಂದ ಅಳೆಯಿರಿ. ರಾಯಚೂರಿನಲ್ಲಿ ನನ್ನ ಇಂಥದೇ ಪುಟ್ಟ ಬೋರ್ಡಿನಲ್ಲಿ ಎರಡು ಸ್ಲಾಟ್ ದಪ್ಪದ ಕಾರ್ಡಿನ ಫ್ಯಾನ್ ಕವಚ ಹಾರ್ಡ್ ಡಿಸ್ಕಿನ ಸಾಟಾ ಕೇಬಲಿನ ತಲೆಗೆ ತಾಗಿ, ಎಲ್ ಆಕಾರದ ಕೇಬಲ್ ಹುಡುಕಿ ತರುವವರೆಗೆ ಕಾರ್ಡ್ ಕೂರಲೇ ಇಲ್ಲ. ನಮ್ಮ ಬೇಸಿಗೆಯಲ್ಲಿ ಕ್ಯಾಬಿನೆಟ್ಟಿನ ಹಿಂದೊಂದು ಫ್ಯಾನ್ ಕೂಡ ಇರಲಿ.