ಹತ್ತು ಮಹಡಿಯ ಆಫೀಸ್ ಕಟ್ಟಡದ ನೆಟ್‌ವರ್ಕ್‌ಗೆ ಪೂರ್ತಿ ಫೈಬರ್ (ಬೆಳಕಿನಲ್ಲಿ ಡೇಟಾ ಕಳಿಸುವ ಗಾಜಿನ ಎಳೆಯ ಕೇಬಲ್) ಹಾಕಿಸಬೇಕಾ, ತಾಮ್ರದ ಕೇಬಲ್ ಸಾಲದಾ?

ಎರಡೂ ಬೇಕು. ತಾಮ್ರದ ಈಥರ್ನೆಟ್ ಕೇಬಲ್‌ಗೆ 100 ಮೀಟರ್ ಮಿತಿ ಇದೆ. ಕೆಳಗಿನ ಸರ್ವರ್ ಕೋಣೆಯಿಂದ ಹತ್ತನೇ ಮಹಡಿಯ ಮೂಲೆಗೆ ಎಳೆದರೆ ಅದು ಸುಲಭವಾಗಿ ದಾಟಿಹೋಗುತ್ತದೆ. ಹಾಗಾಗಿ ಮಹಡಿಯಿಂದ ಮಹಡಿಗೆ ಏರುವ ಮುಖ್ಯ ಲೈನ್ ಫೈಬರ್ ಆಗಿರಲಿ. ನನ್ನ ಮಾತು ಕೇಳಿದರೆ, ಸಿಂಗಲ್ ಮೋಡ್, ಅಂದರೆ ಬೆಳಕು ಒಂದೇ ದಾರಿಯಲ್ಲಿ ಸಾಗುವ ಫೈಬರ್ ಹಾಕಿಸಿ. ಬೆಳಕು ಹಲವು ದಾರಿಯಲ್ಲಿ ಸಾಗುವ ಮಲ್ಟಿಮೋಡ್ ಫೈಬರ್‌ನ ಓಎಂ4 ದರ್ಜೆಯಲ್ಲಿ 10 ಗಿಗಾಬಿಟ್ ವೇಗ ಸುಮಾರು 400 ಮೀಟರ್‌ವರೆಗೆ ಸಿಗುತ್ತದೆ. ಸಿಂಗಲ್ ಮೋಡ್‌ನಲ್ಲಿ 10 ಕಿ.ಮೀ. ಕೂಡ ಆರಾಮ. ಮುಂದೆ ವೇಗ ಹೆಚ್ಚಿಸಬೇಕಾದರೆ ತುದಿಯ ಉಪಕರಣ ಬದಲಿಸಿದರೆ ಸಾಕು, ಸುಮ್ನೆ ಗೋಡೆ ಒಡೆಯಬೇಕಿಲ್ಲ.

ಆದರೆ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಅಲ್ವಾ? ಕ್ಯಾಮೆರಾ, ವೈಫೈ ಆಕ್ಸೆಸ್ ಪಾಯಿಂಟ್, ಬಾಗಿಲಿನ ಕಾರ್ಡ್ ರೀಡರ್‌ಗಳಿಗೆ ಡೇಟಾ ಜೊತೆ ಕರೆಂಟನ್ನೂ ತಾಮ್ರದ ಕೇಬಲ್ಲೇ ಪಿಒಇ (ಈಥರ್ನೆಟ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ ವಿಧಾನ) ಮೂಲಕ ಕೊಡುತ್ತದೆ. ಪ್ರತಿ ಮಹಡಿಯಲ್ಲೂ ಒಂದು ಪಿಒಇ ಸ್ವಿಚ್ ಇಟ್ಟು, ಅಲ್ಲಿಂದ ತಾಮ್ರ ಎಳೆಸಿ.