ಮೂರನೇ ಪುಟದ ಅಜ್ಜನನ್ನು ಬಿಟ್ಟು ಓಡಬೇಡಿ

ಮಾನ್ಯ ಶಿಕ್ಷಕಿಯವರಿಗೆ,

ನಮಸ್ಕಾರ. ಹುಬ್ಬಳ್ಳಿಯ ನಿಮ್ಮ ಕ್ರೈಸ್ತ ಶಾಲೆಯಲ್ಲಿ ಮಕ್ಕಳಿಗೆ ಜನಸೇವೆ ಕಲಿಸುವ ಬಗ್ಗೆ ನೀವು ಕಳಿಸಿದ ಎಂಟು ಪುಟಗಳ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಬದಿಗಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ಬರೀ ಉಪದೇಶ. ‘ಇಂದಿನ ಮಕ್ಕಳಲ್ಲಿ ಸೇವಾ ಮನೋಭಾವ ಕುಂದುತ್ತಿದೆ’ ಎಂದು ಯಾರು ಬೇಕಾದರೂ ಬರೆಯಬಹುದು. ಅದಕ್ಕೆ ತರಗತಿಯಲ್ಲಿ ಗಂಟಲು ಹರಿದುಕೊಂಡ ನೀವೇ ಆಗಬೇಕಿಲ್ಲ. ತೆಗೆದುಬಿಡಿ. ಇತಿಹಾಸದ ಭಾಗದಲ್ಲಿ ಇಸವಿ ತಪ್ಪಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಬಂದದ್ದು ಮಂಗಳೂರಿಗೆ; ಧಾರವಾಡಕ್ಕೆ ಬಂದದ್ದು 1837ರಲ್ಲಿ. ಆ ಭಾಗದಲ್ಲಿ ಮಿಷನರಿಗಳ ಹೆಸರಿನ ಯಾದಿಗಿಂತ, ಜನ ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುವ ಗದಗ-ಬೆಟಗೇರಿಯ ಮಿಷನ್ ಆಸ್ಪತ್ರೆಯ ಬಗ್ಗೆ ನಾಲ್ಕು ಸಾಲು ಬರೆದರೆ ವಿಷಯಕ್ಕೆ ಹತ್ತಿರವಾಗುತ್ತದೆ.

ಮೂರನೇ ಪುಟಕ್ಕೆ ಬಂದಾಗ ನೆಟ್ಟಗೆ ಕುಳಿತು ಓದಿದೆ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಾದ ಕಿಮ್ಸ್‌ನ ಹೊರರೋಗಿ ವಿಭಾಗ, ನವಲಗುಂದದ ಕಡೆಯ ಅಜ್ಜ, ಕಿಸೆಯಲ್ಲಿ ನಾಲ್ಕು ಮಡಿಕೆಯ ಚೀಟಿ. ಫಲಕ ಓದಲು ಬಾರದೆ ಗೋಡೆಗೆ ಒರಗಿ ನಿಂತವನ ಬಳಿ ಒಂಬತ್ತನೇ ತರಗತಿಯ ನಿಮ್ಮ ಹುಡುಗಿ ಹೋಗುತ್ತಾಳೆ. ‘ಯಾರ ಮಗಳವ್ವ ನೀನು?’ ಎಂದು ಅಜ್ಜ ಕೇಳುತ್ತಾನೆ. ಆಕೆ ಬಾಯಿ ತೆರೆಯುವ ಮೊದಲೇ ನೀವು ‘ಹೀಗೆ ಸೇವೆ ಸಾರ್ಥಕವಾಯಿತು’ ಎಂದು ಮುಗಿಸಿ, ಹಣ್ಣು ಹಂಚಿದ ಕಾರ್ಯಕ್ರಮಕ್ಕೆ ಜಿಗಿಯುತ್ತೀರಿ! ಹುಡುಗಿ ಏನೆಂದಳು? ಸರದಿಯಲ್ಲಿದ್ದವರು ಗೊಣಗಲಿಲ್ಲವೇ? ಅಜ್ಜ ಡಾಕ್ಟರನ್ನು ಕಂಡನೇ? ಓದುಗನಿಗೆ ಬೇಕಾದದ್ದು ಇದು.

ನೀವು ಎರಡು ಸಲ ಉಲ್ಲೇಖಿಸಿದ, ಕಳ್ಳರ ಹೊಡೆತ ತಿಂದು ದಾರಿಯಲ್ಲಿ ಬಿದ್ದವನನ್ನು ಉಪಚರಿಸಿದ ಒಳ್ಳೆಯ ಸಮಾರ್ಯದವನ ಕಥೆಯನ್ನೇ ಮತ್ತೆ ಓದಿ. ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು ‘ಸಹಾಯ ಮಾಡಿದನು’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ. ತನ್ನದೇ ಪಶುವಿನ ಮೇಲೆ ಸವಾರಿ. ಛತ್ರದವನ ಕೈಗೆ ಎರಡು ನಾಣ್ಯ. ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂಬ ಮಾತು ಬೇರೆ. ಆ ‘ಮರಳಿ ಬರುವಾಗ’ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಮಕ್ಕಳು ಮರುವಾರ ಆಸ್ಪತ್ರೆಗೆ ಹೋದರೇ? ಹೋಗಲಿಲ್ಲವೆಂದರೆ ಅದನ್ನೂ ಬರೆಯಿರಿ. ಒಂದು ದಿನದ ಭೇಟಿಯಿಂದ ಮಗು ಕಲಿಯುವುದು ಸೇವೆಯನ್ನೋ ಪ್ರವಾಸವನ್ನೋ ಎಂಬುದು ನಿಜವಾದ ಪ್ರಶ್ನೆ.

ಐದನೇ ಪುಟದಲ್ಲಿ ಎರಡು ಕೆಂಡಗಳನ್ನು ಬೂದಿಯಲ್ಲಿ ಮುಚ್ಚಿಟ್ಟಿದ್ದೀರಿ. ಸೇವೆಗೆ ಶಾಲೆ ಅಂಕ ಕೊಡುತ್ತದೆ ಎಂಬುದು ಒಂದು. ಅಂಕ ನಿಂತರೆ ಎಷ್ಟು ಮಕ್ಕಳು ಬಂದಾರು ಎಂದು ನೀವು ಒಮ್ಮೆಯೂ ಕೇಳಿಕೊಂಡಿಲ್ಲ. ತರಗತಿಯಲ್ಲಿ ಹೆಚ್ಚಿನವರು ಹಿಂದೂ, ಮುಸ್ಲಿಂ ಮನೆಗಳ ಮಕ್ಕಳು ಎಂಬುದು ಇನ್ನೊಂದು. ಅವರ ತಂದೆತಾಯಂದಿರು ಇದನ್ನು ಹೇಗೆ ನೋಡುತ್ತಾರೆ? ದಾಸೋಹ ಕಂಡ ಮನೆಯ ಹುಡುಗನಿಗೆ ಸೇವೆ ಹೊಸತೇನಲ್ಲ. ಅವನಿಂದ ನಿಮ್ಮ ಶಾಲೆ ಏನು ಕಲಿಯಿತು ಎಂಬುದೂ ಬರಲಿ. ಇಲ್ಲಿ ಸಂಕೋಚ ಬೇಡ. ಯಾರನ್ನೂ ನೋಯಿಸದೆ ನಿಜ ಬರೆಯುವ ಭಾಷೆ ನಿಮಗಿದೆ. ಮೂರನೇ ಪುಟವೇ ಅದಕ್ಕೆ ಸಾಕ್ಷಿ.

ಹಣ್ಣಿನ ಬುಟ್ಟಿ ಹಿಡಿದ ಫೋಟೊಗಳನ್ನು ಹಾಕುವುದಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂಬ ಮತ್ತಾಯನ ಸುವಾರ್ತೆಯ ಮಾತನ್ನು ಆರನೇ ಪುಟದಲ್ಲಿ ಬರೆದು, ಜೊತೆಗೇ ಹನ್ನೊಂದು ಫೋಟೊ ಲಗತ್ತಿಸಿದ್ದೀರಲ್ಲ! ಹಾಸಿಗೆಯಲ್ಲಿರುವ ರೋಗಿಗಳ ಮುಖವಂತೂ ಬೇಡವೇ ಬೇಡ.

ನಾಲ್ಕು ಪುಟ ಸಾಕು, ಆಸ್ಪತ್ರೆಯಿಂದಲೇ ಶುರುವಾಗಲಿ. ಯುನಿಕೋಡ್‌ನಲ್ಲಿ ಕಳಿಸಿ, ಈ ಸಲದ ಕಡತದಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

ವಿಶ್ವಾಸದಿಂದ,
ಸಂಪಾದಕ