ಮುಂಗಡ ಕೊಟ್ಟಾಯ್ತು, ಬೀರು ಸರಿಸಿದರೆ ಗೋಡೆಯಲ್ಲಿ ಬಿರುಕು

ಪ್ರಶ್ನೆ: ಮಡಿಕೇರಿ ಹತ್ತಿರ ಸುಮಾರು 50 ವರ್ಷ ಹಳೆಯ ಹೆಂಚಿನ ಮನೆ ಕೊಳ್ಳುತ್ತಿದ್ದೇವೆ. ಕರಾರು ಬರೆದು 3 ಲಕ್ಷ ಮುಂಗಡ ಕೊಟ್ಟಾಗಿದೆ, ನೋಂದಣಿಗೆ ಇನ್ನು 12 ದಿನ. ಮೊನ್ನೆ ಅಳತೆ ತೆಗೆಯೋಕೆ ಹೋದಾಗ ಹಿಂದಿನ ಕೋಣೆಯ ಬೀರು ಸರಿಸಿದೆವು. ಗೋಡೆ ಮೇಲೆ ಗೆದ್ದಲಿನ ಮಣ್ಣಿನ ಗೆರೆ, ಪಕ್ಕದಲ್ಲೇ ಓರೆಯಾಗಿ ಒಂದು ಬಿರುಕು. ಆ ಗೋಡೆಗೆ ಮಾತ್ರ ಹೊಸ ಬಣ್ಣ! ಮನೆಯ ಹಿಂದೆ ಎತ್ತರದ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದೆ. ಮಾರುವವರು ಮಾವನವರ ಹಳೇ ಸ್ನೇಹಿತರು, ಕೇಳೋಕೆ ನಮ್ಮ ಯಜಮಾನರಿಗೆ ಸಂಕೋಚ. ಏನು ಮಾಡಲಿ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಸಂಕೋಚ ಇರಲಿ, ಆದರೆ ಅದಕ್ಕೆ ಇಷ್ಟು ಲಕ್ಷ ಬೆಲೆ ಕೊಡಬೇಡಿ. ನೋಂದಣಿ ಆಗುವ ತನಕ ಮನೆ ಅವರದ್ದೇ. ಬರೀ ಕರಾರಿನಿಂದ ಆಸ್ತಿ ನಿಮ್ಮದಾಗುವುದಿಲ್ಲ. ಅಂದರೆ ಮಾತಾಡೋಕೆ ನಿಮಗೆ ಬಲ ಇರುವುದೇ ಈ 12 ದಿನ.

ಗೆದ್ದಲಿಗೆ ನಾನು ಅಷ್ಟು ಹೆದರಲ್ಲ. ನಮ್ಮ ಕಡೆಯ ಹಳೇ ಮನೆಯಲ್ಲಿ ಗೆದ್ದಲು ಇಲ್ಲ ಅಂದರೇ ಆಶ್ಚರ್ಯ. ನಿಮ್ಮ ಕಡೆಯ ಬಡಗಿಯನ್ನೇ ಕರೆದುಕೊಂಡು ಹೋಗಿ, ಅವರ ಕಡೆಯವನನ್ನಲ್ಲ. ಅಟ್ಟಕ್ಕೆ ಹತ್ತಿ ಹೆಂಚು ಹೊರುವ ಮರಗಳಾದ ಪಕಾಸಿ, ರೀಪು, ಬಾಗಿಲ ಚೌಕಟ್ಟಿನ ಬುಡ ಎಲ್ಲಾ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಲಿ. ಗಟ್ಟಿ ಮರಕ್ಕೆ ಮೊನೆ ಇಳಿಯಲ್ಲ, ಟೊಳ್ಳಾಗಿದ್ದರೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತೆ. ಎಷ್ಟು ಮರ ಬದಲಿಸಬೇಕು, ನೆಲ ಗೋಡೆ ಸೇರುವ ಕಡೆ ತೂತು ಕೊರೆದು ಔಷಧ ಬಿಡೋಕೆ ಎಷ್ಟಾಗುತ್ತೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಅಷ್ಟು ಹಣ ಬೆಲೆಯಲ್ಲಿ ಇಳಿಸಿ ಅಂತ ಕೇಳಬಹುದು.

ಬಿರುಕು ಬೇರೆ ಕಥೆ. ಗಾರೆ ಮೇಲಿನ ಕೂದಲೆಳೆ ಬಿರುಕಾದರೆ ಬಿಡಿ. ಆದರೆ ಓರೆಯಾಗಿ ಹೋಗಿ, ಒಂದು ತುದಿ ಅಗಲವಾಗಿದ್ದರೆ ಅಡಿಪಾಯ ಕೂತಿರಬಹುದು. ಅದೂ ಹಿಂದೆ ಬರೆ ಇರುವ ಮನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯ್ತು ಅಂತ ನಿಮಗೆ ಹೇಳಬೇಕಾಗಿಲ್ಲ, ಮರು ವರ್ಷ ವಿರಾಜಪೇಟೆ ಕಡೆಯ ತೋರದಲ್ಲೂ ಅದೇ. ಬರೆಯ ಮೇಲೆ ಹತ್ತಿ ನೋಡಿ: ನೆಲ ಬಾಯಿ ಬಿಟ್ಟಿದೆಯಾ, ಮರಗಳು ವಾಲಿವೆಯಾ, ಮಳೆ ನೀರು ಎಲ್ಲಿಗೆ ಇಳಿಯುತ್ತೆ. ತಡೆಗೋಡೆ ಇದ್ದರೆ ನೀರು ಹೊರಬರುವ ತೂತುಗಳು ಮುಚ್ಚಿಹೋಗಿವೆಯಾ, ಗೋಡೆ ಉಬ್ಬಿದೆಯಾ. ಇದಕ್ಕೆ ಮೇಸ್ತ್ರಿ ಸಾಲಲ್ಲ, ಸಿವಿಲ್ ಎಂಜಿನಿಯರ್ ಬೇಕು. ಅವರ ಫೀಸು ಜಾಸ್ತಿ ಅನ್ನಿಸಿದರೂ ಕೊಡಿ. ಬರೆ ಜರುಗುತ್ತಿದೆ ಅಂತ ಅವರು ಹೇಳಿದರೆ ಎಷ್ಟು ಬೆಲೆ ಇಳಿಸಿದರೂ ಬೇಡ, ನಾನಾದರೆ ಬಿಟ್ಟುಬಿಡ್ತೇನೆ.

ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದು ಫೋಟೋ ತೆಗೆಯಿರಿ. ಗೆರೆ ದಾಟಿ ಮುಂದೆ ಹೋದರೆ ಬಿರುಕು ಇನ್ನೂ ಬೆಳೆಯುತ್ತಿದೆ ಅಂತ ಅರ್ಥ. ಆದರೆ 12 ದಿನದಲ್ಲಿ ಗೊತ್ತಾಗೋದು ಕಷ್ಟ, ಕೊಡಗಿನ ಮನೆಯನ್ನು ಮಳೆಯಲ್ಲೇ ನೋಡಬೇಕು. ಬೇಸಿಗೆಯಲ್ಲಿ ಬಣ್ಣ ಹೊಡೆದ ಗೋಡೆ ಜಡಿಮಳೆಯ ಕಕ್ಕಡ ತಿಂಗಳಲ್ಲಿ ನಿಜ ಹೇಳುತ್ತೆ. ಹಾಗಾಗಿ ನೋಂದಣಿ ಮುಂದೂಡಿ ಅಂತ ಕೇಳಿ, ಅವರು ಒಪ್ಪಿದರೆ ಹೊಸ ದಿನಾಂಕವನ್ನು ಬರಹದಲ್ಲೇ ಮಾಡಿಕೊಳ್ಳಿ.

ಕಾನೂನು ಏನನ್ನುತ್ತೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ತನಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ. ಇಲ್ಲೇ ಇರೋದು ತೊಡಕು. ನಿಮಗೆ ಈಗ ಕಂಡಾಗಿದೆ. ಇಷ್ಟು ಕಂಡ ಮೇಲೂ ಸುಮ್ನೆ ಸಹಿ ಹಾಕಿದರೆ ನಾಳೆ 'ನೋಡಿಯೇ ತಗೊಂಡ್ರಲ್ವಾ' ಅಂತಾರೆ. ಕರಾರನ್ನು ವಕೀಲರಿಗೆ ತೋರಿಸಿ, ಮುಂಗಡ ವಾಪಸಿನ ಬಗ್ಗೆ ಏನು ಬರೆದಿದೆ ಅಂತ ಮೊದಲು ಓದಿಸಿ.

ಮಾತಾಡೋಕೆ ಯಜಮಾನರು ಬೇಡ, ಮಾವನವರನ್ನೇ ಕಳಿಸಿ. 'ಸೊಸೆಗೆ ಸ್ವಲ್ಪ ಹೆದರಿಕೆ, ಎಂಜಿನಿಯರ್ ನೋಡಿಹೋಗಲಿ' ಅಂತ ಕಾಫಿ ಕುಡಿಯುತ್ತಾ ಅಂದರೆ ಸಾಕು, ಹಳೇ ಸ್ನೇಹಿತರಿಗೆ ಅರ್ಥವಾಗುತ್ತೆ. ಅಲ್ಲಿಯವರೆಗೆ ಆ ಬೀರುವನ್ನು ಯಾರೂ ವಾಪಸ್ ತಳ್ಳದಂತೆ ನೋಡಿಕೊಳ್ಳಿ.